ಅಮೆರಿಕಕ್ಕೆ ಹೊರಟ ಅಪ್ಪ ಅಮ್ಮನ ಟ್ರಾವೆಲ್ ಇನ್ಶೂರೆನ್ಸ್: ಐದಕ್ಕೆ ಮೂರು ಸ್ಟಾರ್

ಕಂಪನಿ ಹೆಸರು ಬೇಡ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಆಫೀಸು ಇಟ್ಟಿರೋ ಏಜೆಂಟರ ಹತ್ತಿರ ಮಾಡಿಸಿದ್ದು. ಅಪ್ಪನಿಗೆ 72, ಅಮ್ಮನಿಗೆ 66, ಹೊರಟಿದ್ದು ಟೆಕ್ಸಾಸ್‌ನಲ್ಲಿರೋ ತಮ್ಮನ ಮನೆಗೆ. ಇಲ್ಲಿನ ಮಾಮೂಲಿ ಹೆಲ್ತ್ ಪಾಲಿಸಿ ಸಾಮಾನ್ಯವಾಗಿ ಅಲ್ಲಿ ನಡೆಯಲ್ಲ, ಹಾಗಾಗಿ ಬೇರೆ ಮಾಡಿಸಲೇಬೇಕು.

ಪಾಸ್‌ಪೋರ್ಟ್ ಕಾಪಿ ಕೊಟ್ಟು ಮನೆ ಮುಟ್ಟುವಷ್ಟರಲ್ಲಿ ಪಾಲಿಸಿ ವಾಟ್ಸಾಪ್‌ಗೆ ಬಂದಿತ್ತು. ಮೆಡಿಕಲ್ ಟೆಸ್ಟೂ ಕೇಳಲಿಲ್ಲ. ಅಪ್ಪನ ಶುಗರ್, ಬಿಪಿ ಕಥೆ ಏನು ಅಂದರೆ "ಎಲ್ಲಾ ಕವರ್ ಆಕ್ಕೈತಿ ಬಿಡ್ರಿ ಸರ" ಅಂದರು. ಪಾಲಿಸಿಯಲ್ಲಿ ಹಾಗೆ ಇಲ್ಲ. ಮೊದಲಿಂದ ಇರೋ ಕಾಯಿಲೆಗೆ ದುಡ್ಡು ಸಿಗೋದು ಜೀವಕ್ಕೇ ಅಪಾಯ ಅಂದಾಗ ಮಾತ್ರ, ಅದೂ ಒಂದು ಮಿತಿವರೆಗೆ. ಚೆಕಪ್, ಮಾತ್ರೆ ಎಲ್ಲಾ ನಮ್ಮ ಜೇಬಿಂದಲೇ.

ಇನ್ನೊಂದು ವಿಷಯ ಒಳಗಿನ ಪುಟದಲ್ಲಿತ್ತು. ಮೊದಲನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ 1,00,000 ಡಾಲರ್ ಕವರ್ ಅಂತ ಇತ್ತು. ಒಳಗೆ, 61 ದಾಟಿದವರಿಗೆ ಅಂತ ಒಂದು ಪುಟ್ಟ ಟೇಬಲ್: ಹೆಚ್ಚೆಂದರೆ ರೂಮಿಗೆ ದಿನಕ್ಕೆ 1,500 ಡಾಲರ್, ಐಸಿಯುಗೆ 3,000, ಆಪರೇಷನ್‌ಗೆ 10,000. ಅಮೆರಿಕದ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ ಆದರೆ ಈ ಹತ್ತು ಸಾವಿರ ಯಾವ ಮೂಲೆಗೆ ಸಾಲುತ್ತೆ ಹೇಳಿ? ಈ ಮಿತಿ ಇಲ್ಲದ ಪ್ಲಾನೂ ಅದೇ ಕಂಪನಿಯಲ್ಲಿದೆ, ಪ್ರೀಮಿಯಂ ಜಾಸ್ತಿ. ನಾವಾಗಿ ಕೇಳೋವರೆಗೂ ಏಜೆಂಟರು ಬಾಯಿ ಬಿಡಲಿಲ್ಲ. ಹೊರಡೋ ಮೊದಲೇ ಅದಕ್ಕೆ ಬದಲಾಯಿಸಿಕೊಂಡೆವು.

ಅಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ತಮ್ಮ ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು ಬಿಲ್ ಕಟ್ಟಿ, ಆಮೇಲೆ ಕ್ಲೇಮ್ ಹಾಕಿದ. ಡಾಕ್ಟರ್ ಚೀಟಿ, ಎಕ್ಸ್‌ರೇ, ಬಿಲ್, ಪಾಸ್‌ಪೋರ್ಟಿನ ಸೀಲು ಬಿದ್ದ ಪುಟ, ಬೋರ್ಡಿಂಗ್ ಪಾಸ್, ಕ್ಯಾನ್ಸಲ್ ಮಾಡಿದ ಚೆಕ್ಕು ಎಲ್ಲಾ ಬೇಕಾಯಿತು. ಬೋರ್ಡಿಂಗ್ ಪಾಸನ್ನ ಅಪ್ಪ ಪುಸ್ತಕದೊಳಗೆ ಇಟ್ಟಿದ್ದಕ್ಕೆ ಬಚಾವು, ಇಲ್ಲಾಂದ್ರೆ ಅದಕ್ಕೂ ಇನ್ನೊಂದು ಪತ್ರ ಬರೀಬೇಕಿತ್ತು. ಮೊದಲ 100 ಡಾಲರ್ ನಮ್ಮದು ಅಂತ ಪಾಲಿಸಿಯಲ್ಲೇ ಇತ್ತು, ಅದನ್ನು ಕಳೆದು ಉಳಿದದ್ದು ಬ್ಯಾಂಕಿಗೆ ಬಂತು. ತಡವಾಯಿತು, ಆದರೆ ಬಂತು. ಹೆಲ್ಪ್‌ಲೈನ್‌ನಲ್ಲಿ ಕನ್ನಡಕ್ಕೆ ಅಂತ ಒಂದು ನಂಬರ್ ಇದೆ, ಒತ್ತಿದರೆ ಹಿಂದಿಯವರೇ ಎತ್ತುತ್ತಾರೆ. ಸುಮ್ನೆ ಯಾಕೆ ಇಟ್ಟಿದ್ದಾರೋ.

ಗಟ್ಟಿಮುಟ್ಟಾಗಿ ಇರೋ ಹಿರಿಯರಿಗೆ ಈ ಪಾಲಿಸಿ ಪರವಾಗಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು, ಡಯಾಲಿಸಿಸ್‌ನಲ್ಲಿ ಇರೋರು ಇದನ್ನು ನಂಬಿಕೊಂಡು ವಿಮಾನ ಹತ್ತಬೇಡಿ. ಅಲ್ಲಿ ಇನ್ನಷ್ಟು ದಿನ ಇರೋದಾದರೆ ಪಾಲಿಸಿ ಮುಗಿಯೋ ಮೊದಲೇ ಹೇಳಿ ಮುಂದುವರಿಸಿಕೊಳ್ಳಬೇಕು. ಅದನ್ನಂತೂ ಏಜೆಂಟರು ಒಂದೇ ಫೋನಿಗೆ ಮಾಡಿಕೊಟ್ಟರು, ಮೂರರಲ್ಲಿ ಒಂದು ಸ್ಟಾರ್ ಅದಕ್ಕೆ.