ಆರು ವರ್ಷದ ಬಳಕೆ: ಪಿಸಿ-ಮುಟಾರ್ 1.4 ಶಿಫ್ಟ್ ಕನ್ವರ್ಟರ್

ಎತ್ತರದ ಕಟ್ಟಡ ತೆಗೆಯಲು ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಗೋಡೆಗಳು ಒಳಕ್ಕೆ ವಾಲಿದಂತೆ ಬರುತ್ತವೆ. ಕ್ಯಾಮೆರಾ ನೇರ ಇಟ್ಟು ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸಿ ಇದನ್ನು ತಪ್ಪಿಸುವುದೇ ಶಿಫ್ಟ್ ಕನ್ವರ್ಟರಿನ ಕೆಲಸ. ಇದನ್ನು ಕೊಳ್ಳುವ ಮೊದಲು ನನಗೆ ಒಂದೇ ಅನುಮಾನ ಇತ್ತು. ಅಗಲದ ಲೆನ್ಸ್ ಹಾಕಿ, ಕ್ಯಾಮೆರಾ ನೇರ ಇಟ್ಟು, ಆಮೇಲೆ ನೆಗೆಟಿವ್‌ನ ಕೆಳಭಾಗ ಕತ್ತರಿಸಿದರೆ ಸಾಕಲ್ವಾ? ಗೋಡೆಗಳು ಹೇಗೂ ನೆಟ್ಟಗೇ ಬರುತ್ತವೆ. ಹಾಗಿರುವಾಗ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಇನ್ನಷ್ಟು ಗಾಜು ಯಾಕೆ ಸೇರಿಸಬೇಕು? ಆರು ವರ್ಷ ಬಳಸಿದ ಮೇಲೆ ಆ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಹ್ಯಾಸೆಲ್‌ಬ್ಲಾಡ್ ವಿ ಸರಣಿಯ ಕ್ಯಾಮೆರಾಗಳಿಗಾಗಿ ಝೈಸ್ ಮಾಡಿದ ಕನ್ವರ್ಟರ್. ಲೆನ್ಸಿನ ಫೋಕಲ್ ಲೆಂಗ್ತನ್ನು 1.4 ಪಟ್ಟು ಹೆಚ್ಚಿಸುತ್ತದೆ. ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು ಕಳೆಯುತ್ತದೆ. ಲೆನ್ಸನ್ನು ಮಧ್ಯದಿಂದ ಮೇಲಕ್ಕೋ ಕೆಳಕ್ಕೋ 16 ಮಿ.ಮೀ. ತನಕ ಸರಿಸಬಹುದು. ಝೈಸ್‌ನ ಅಗಲದ ಲೆನ್ಸ್ 40 ಮಿ.ಮೀ. ಎಫ್/4 ಡಿಸ್ಟಗಾನ್ ಹಾಕಿದರೆ 56 ಮಿ.ಮೀ. ಎಫ್/5.6 ಆಗುತ್ತದೆ. 50 ಹಾಕಿದರೆ 70. 80 ಹಾಕಿದರೆ 112.

ಇದರ ಕೆಲಸ ಹೀಗೆ. ಈ 6×6 (ಸೆಂ.ಮೀ.) ಕ್ಯಾಮೆರಾದ ಚಿತ್ರ ನಿಜದಲ್ಲಿ 56×56 ಮಿ.ಮೀ. ಅದರ ಮೂಲೆಯಿಂದ ಮೂಲೆಗೆ ಸುಮಾರು 79 ಮಿ.ಮೀ. ಲೆನ್ಸ್ ಬೀಳಿಸುವ ಬೆಳಕಿನ ವೃತ್ತ ಅಷ್ಟು ದೊಡ್ಡದಿದ್ದರೆ ಸಾಕು. ಆದರೆ ಆಗ ಅದನ್ನು ಸರಿಸಲು ಜಾಗ ಉಳಿಯುವುದಿಲ್ಲ. ಕನ್ವರ್ಟರ್ ಆ ವೃತ್ತವನ್ನೇ 1.4 ಪಟ್ಟು ಹಿಗ್ಗಿಸುತ್ತದೆ. 79 ಹೋಗಿ ಸುಮಾರು 111 ಆಗುತ್ತದೆ. ಈಗ ಒಳಗೆ ಓಡಾಡಲು ಜಾಗ ಇದೆ. ಪೂರ್ತಿ 16 ಮಿ.ಮೀ. ಸರಿಸಿದರೂ 104 ಮಿ.ಮೀ. ವೃತ್ತ ಸಾಕು. ಲೆನ್ಸ್ ತನ್ನ ಮಾಮೂಲಿ ಅಳತೆಯನ್ನು ದಾಟುವುದೇ ಇಲ್ಲ. ಇದು ನನಗೆ ತುಂಬಾ ಇಷ್ಟವಾದ ವಿಷಯ. ಹಾಗಾಗಿಯೇ ಪೂರ್ತಿ ಸರಿಸಿದಾಗಲೂ ಮೂಲೆಗಳು ಕಪ್ಪಾಗಿ ಹಾಳಾಗುವುದಿಲ್ಲ.

ಈಗ ಅನುಮಾನಕ್ಕೆ ಬರುತ್ತೇನೆ. 40 ಲೆನ್ಸನ್ನು ಕನ್ವರ್ಟರ್ ಇಲ್ಲದೆ ನೇರ ಹಿಡಿದರೆ, ಕಣ್ಣ ಮಟ್ಟದಿಂದ 35 ಡಿಗ್ರಿ ಮೇಲಿನ ತನಕ ಕಾಣುತ್ತದೆ. ಕನ್ವರ್ಟರ್ ಹಾಕಿ 16 ಮಿ.ಮೀ. ಸರಿಸಿದರೆ 38 ಡಿಗ್ರಿ. ವ್ಯತ್ಯಾಸ ಬರೀ ಮೂರು ಡಿಗ್ರಿ! ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ಬೇಸರವೇ ಆಯಿತು. 30 ಮೀಟರ್ ದೂರದಲ್ಲಿ ನಿಂತರೆ, 40 ಲೆನ್ಸಿನಲ್ಲಿ ಇಪ್ಪತ್ತೆರಡೂವರೆ ಮೀಟರ್ ಎತ್ತರದ ತನಕ ಸಿಗುತ್ತದೆ. ಕನ್ವರ್ಟರ್ ಹಾಕಿದರೆ 25 ಮೀಟರ್. ಅಷ್ಟೇ.

ಆದರೆ ಲಾಭ ಇರುವುದು ಎತ್ತರದಲ್ಲಿ ಅಲ್ಲ, ಫಿಲ್ಮಿನಲ್ಲಿ. 40 ಲೆನ್ಸಿನ ಚಿತ್ರದಿಂದ ಕನ್ವರ್ಟರ್ ಕೊಡುವಷ್ಟೇ ಅಗಲದ ನೋಟ ಬೇಕೆಂದರೆ ನೆಗೆಟಿವ್‌ನಲ್ಲಿ 40×40 ಮಿ.ಮೀ. ತುಂಡು ಮಾತ್ರ ಉಳಿಯುತ್ತದೆ. ಅಂದರೆ ಅರ್ಧ ಫಿಲ್ಮ್ ಸುಮ್ನೆ ಹೋಯಿತು. 40 ಸೆಂ.ಮೀ. ಪ್ರಿಂಟ್ ಮಾಡಲು ಆ ತುಂಡನ್ನು ಹತ್ತು ಪಟ್ಟು ಹಿಗ್ಗಿಸಬೇಕು. ಕನ್ವರ್ಟರಿನಲ್ಲಿ ತೆಗೆದ ಚಿತ್ರಕ್ಕೆ ಏಳು ಪಟ್ಟು ಸಾಕು. ಇಂಥ ಕನ್ವರ್ಟರ್ ಲೆನ್ಸಿನ ಮಸುಕನ್ನೂ 1.4 ಪಟ್ಟು ಹಿಗ್ಗಿಸುತ್ತದೆ ನಿಜ. ಆದರೆ ಫಿಲ್ಮಿನ ಗ್ರೇನನ್ನು, ಅಂದರೆ ಅದರ ಕಣಗಳನ್ನು, ಹಿಗ್ಗಿಸುವುದಿಲ್ಲ. 400 ಐಎಸ್‌ಒ ಕಪ್ಪುಬಿಳುಪು ಫಿಲ್ಮಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಆಕಾಶ ನುಣುಪಾಗಿ ಬರುತ್ತದೆ, ಕಲ್ಲಿನ ಮೈ ಉಳಿಯುತ್ತದೆ. ಅದೇ 100 ಐಎಸ್‌ಒ ಫಿಲ್ಮ್ ಹಾಕಿ ಅಂಗೈಯಗಲದ ಪ್ರಿಂಟ್ ಮಾಡುವವರಿಗೆ ಇದು ಬೇಡವೇ ಬೇಡ. ಕತ್ತರಿಸಿಕೊಂಡರೆ ಸಾಕು.

ಇನ್ನೊಂದು ಲಾಭ ಲೆಕ್ಕಕ್ಕೆ ಸಿಗುವುದಿಲ್ಲ. ಚಿತ್ರದ ಅಂಚು ಎಲ್ಲಿ ಬರುತ್ತದೆ ಅಂತ ಸ್ಕ್ರೀನಿನ ಮೇಲೇ ಕಾಣುತ್ತದೆ. ಕತ್ತರಿಸುವಾಗ ಊಹೆ ಮಾಡಬೇಕಿಲ್ಲ. ನಾನು ಗೆರೆಗಳಿರುವ ಫೋಕಸ್ ಸ್ಕ್ರೀನ್ ಹಾಕಿಕೊಂಡಿದ್ದೇನೆ. ಅದಿಲ್ಲದೆ ಇದನ್ನು ಬಳಸುವುದು ಕಷ್ಟ. ನಡುವೆ ಸ್ಪ್ಲಿಟ್ (ಫೋಕಸ್ ತಪ್ಪಿದಾಗ ಗೆರೆಯನ್ನು ಎರಡು ತುಂಡಾಗಿ ತೋರಿಸುವ ವೃತ್ತ) ಇರುವ ಸ್ಕ್ರೀನ್ ಆದರೆ ಎಫ್/5.6ರಲ್ಲಿ ಅರ್ಧ ಕಪ್ಪಾಗಿಬಿಡುತ್ತದೆ. ಮ್ಯಾಟ್ ಭಾಗದಲ್ಲಿ ಭೂತಗನ್ನಡಿ ಇಟ್ಟು ಫೋಕಸ್ ಮಾಡಿ. ಟ್ರೈಪಾಡ್ ಮೇಲೆ ಮಟ್ಟ ನೋಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಕ್ಯಾಮೆರಾ ಒಂದು ಡಿಗ್ರಿ ವಾಲಿದರೂ ನೆಟ್ಟಗಿನ ಗೋಡೆ ನೆಟ್ಟಗಿರುವುದಿಲ್ಲ.

ನಾನು ಹೆಚ್ಚಾಗಿ 10-12 ಮಿ.ಮೀ. ಮಾತ್ರ ಸರಿಸುತ್ತೇನೆ. ಪೂರ್ತಿ ಸರಿಸಿದರೆ ಎತ್ತರದ ಗೋಪುರದ ತಲೆ ಭಾರವಾಗಿ ಕಾಣುತ್ತದೆ. ನಮ್ಮ ಕಣ್ಣು ಸ್ವಲ್ಪ ಒಳಕ್ಕೆ ವಾಲುವುದಕ್ಕೆ ಒಗ್ಗಿಕೊಂಡಿದೆ. ಲೆನ್ಸಿನ ಮೇಲೆ ಎಫ್/11 ಇಡುತ್ತೇನೆ, ಅಂದರೆ ನಿಜವಾಗಿ ಎಫ್/16. ಅದಕ್ಕಿಂತ ಮುಚ್ಚಿದರೆ ಚೂಪು ಕಡಿಮೆಯಾಗುತ್ತಾ ಹೋಗುತ್ತದೆ. ಒಳಾಂಗಣದಲ್ಲಿ ಇದರಿಂದ ಎಕ್ಸ್‌ಪೋಶರ್ ಅರ್ಧ ನಿಮಿಷ, ಒಂದು ನಿಮಿಷ ಆಗುತ್ತದೆ. ಫ್ಯೂಜಿಯ ಅಕ್ರೋಸ್ 100 ಇದ್ದರೆ 120 ಸೆಕೆಂಡ್ ತನಕ ಮೀಟರ್ ಹೇಳಿದ ಸಮಯಕ್ಕೆ ಏನೂ ಸೇರಿಸಬೇಕಿಲ್ಲ. ಬೇರೆ ಫಿಲ್ಮುಗಳಿಗೆ ಎಷ್ಟು ಸೇರಿಸಬೇಕೆಂದು ಕೋಷ್ಟಕ ನೋಡಲೇಬೇಕು.

ಒಂದು ಪಾಠ ದುಬಾರಿಯಾಗಿ ಕಲಿತೆ. ಒಮ್ಮೆ ಸ್ಲೈಡ್ ಫಿಲ್ಮ್ ಹಾಕಿ, ಲೆನ್ಸ್ ಸರಿಸಿದ ಮೇಲೆ ಪ್ರಿಸಂ ಮೀಟರಿನಲ್ಲಿ (ಲೆನ್ಸ್ ಮೂಲಕ ಬಂದ ಬೆಳಕನ್ನು ಅಳೆಯುವ ವ್ಯೂಫೈಂಡರ್) ಅಳತೆ ತೆಗೆದೆ. ಬೆಳಕು ಓರೆಯಾಗಿ ಬೀಳುವುದರಿಂದ ಮೀಟರ್ ತಪ್ಪು ಹೇಳಿತು. ಹನ್ನೆರಡೂ ಚಿತ್ರ ಹೋದವು. ಮತ್ತೆ ಆ ಜಾಗಕ್ಕೆ ಹೋಗಲು ಆಗಲಿಲ್ಲ, ಈಗಲೂ ನೋವಿದೆ. ಅವತ್ತಿನಿಂದ ಶಿಫ್ಟ್ ಸೊನ್ನೆಯಲ್ಲಿಟ್ಟು ಅಳತೆ ತೆಗೆಯುತ್ತೇನೆ, ಆಮೇಲೆ ಸರಿಸುತ್ತೇನೆ. ಕೈಯಲ್ಲಿ ಹಿಡಿಯುವ ಮೀಟರ್ ಆದರೆ ಒಂದು ಸ್ಟಾಪ್ ಸೇರಿಸಲು ಮರೆಯಬಾರದು.

ಹುಡ್ ವಿಷಯದಲ್ಲೂ ಎಚ್ಚರ ಬೇಕು. ಬೆಲ್ಲೋಸ್ ಹುಡ್ (ಲೆನ್ಸಿನ ಮುಂದೆ ಬೆಳಕು ತಡೆಯುವ ಮಡಿಕೆಯ ಮರೆ) ಅನ್ನು ಚೌಕಕ್ಕೆ ಸರಿಯಾಗಿ ಬಿಗಿದು ಇಟ್ಟಿದ್ದರೆ, ಸರಿಸಿದಾಗ ಚಿತ್ರದ ಮೇಲಿನ ಅಂಚಿಗೆ ಅಡ್ಡ ಬರುತ್ತದೆ. ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ.

ಮೇಲೊಂದು ಕೆಳಗೊಂದು ತೆಗೆದು ಜೋಡಿಸಿದರೆ 56×88 ಮಿ.ಮೀ.ನ ಉದ್ದ ಚಿತ್ರ ಸಿಗುತ್ತದೆ. ದೂರದ ಕಟ್ಟಡಕ್ಕೆ ಚೆನ್ನಾಗಿ ಕೂಡುತ್ತದೆ. ಹತ್ತಿರದ ಕಂಬ, ಕಂಬಿ ಇದ್ದರೆ ಕೂಡುವುದಿಲ್ಲ. ಯಾಕೆಂದರೆ ಇಲ್ಲಿ ಫಿಲ್ಮ್ ಅಲ್ಲ, ಲೆನ್ಸೇ 32 ಮಿ.ಮೀ. ಜಾಗ ಬದಲಿಸಿರುತ್ತದೆ.

ಯಾರು ಕೊಳ್ಳಬೇಕು? 40 ಲೆನ್ಸ್ ಇರುವವರು. ಅವರಿಗೆ ಧೈರ್ಯವಾಗಿ ಹೇಳುತ್ತೇನೆ. 50 ಇದ್ದರೆ ಹಿಂದೆ ಸರಿಯಲು ಜಾಗ ಇರುವ ಕಡೆ ಮಾತ್ರ ಉಪಯೋಗ. ಬರೀ 80 ಇದ್ದರೆ ಬೇಡ. ರಸ್ತೆಯ ಆಚೆ ಬದಿಯಲ್ಲಿ ನಿಂತರೂ ಕಟ್ಟಡ ಹಿಡಿಸುವುದಿಲ್ಲ.

ಈಗ ಇದು ಹಳೆಯದೇ ಸಿಗುವುದು. ಕೊಳ್ಳುವಾಗ ಸೊನ್ನೆಯಿಂದ ಎರಡೂ ಕಡೆಗೆ ಪೂರ್ತಿ ಸರಿಸಿ ನೋಡಿ, ನಡುವೆ ಎಲ್ಲೂ ಬಿಗಿಯಾಗಬಾರದು. ಟಾರ್ಚ್ ಹಿಡಿದು ಒಳಗೆ ಬೂಷ್ಟು ಇದೆಯಾ ನೋಡಿ. ನಿಮ್ಮ ಲೆನ್ಸನ್ನೇ ಹಾಕಿ ಹತ್ತು ಸಲ ಶಟರ್ ಒತ್ತಿ. ಶಟರ್ ಇರುವುದು ಲೆನ್ಸಿನೊಳಗೆ, ಅದನ್ನು ತಿರುಗಿಸುವ ಕಡ್ಡಿ ಕನ್ವರ್ಟರ್ ಮೂಲಕವೇ ಹೋಗುತ್ತದೆ. ಹಾಕುವಾಗ ಮೊದಲು ಕನ್ವರ್ಟರ್, ಆಮೇಲೆ ಲೆನ್ಸ್. ತೆಗೆಯುವಾಗ ಮೊದಲು ಲೆನ್ಸ್. ಎರಡೂ ಸಲ ಶಟರ್ ಏರಿಸಿಯೇ ಇರಬೇಕು.