ಮರಪುಡಿಗೆ ಮೂರು ದಾರಿ: ಬರೀ ವ್ಯಾಕ್ಯೂಮ್, ಸೈಕ್ಲೋನ್ ಜೋಡಿ, ಚೀಲದ ಕಲೆಕ್ಟರ್

ಒಬ್ಬರೋ ಇಬ್ಬರೋ ಕೆಲಸ ಮಾಡುವ ಮರಗೆಲಸದ ಶೆಡ್ಡಿಗೆ ಪುಡಿ ಹೀರಲು ನನ್ನ ಆಯ್ಕೆ 30 ಲೀಟರಿನ ವೆಟ್-ಡ್ರೈ ವ್ಯಾಕ್ಯೂಮ್, ಅದರ ಮುಂದೊಂದು ಸೈಕ್ಲೋನ್, ಅಂದರೆ ಪುಡಿಯನ್ನು ಗಾಳಿಯಿಂದ ಬೇರ್ಪಡಿಸುವ ಶಂಕು. ಮೂರನ್ನೂ ಬಳಸಿದ ಮೇಲೆ ಮತ್ತೆ ದುಡ್ಡು ಹಾಕುವುದಾದರೆ ಇದಕ್ಕೇ.

ಬರೀ ವ್ಯಾಕ್ಯೂಮ್ ಸೋಲುವುದು ಫಿಲ್ಟರಿನಲ್ಲಿ. ಮರ ಉಜ್ಜುವ ಸ್ಯಾಂಡರಿಗೆ ಜೋಡಿಸಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಉಜ್ಜಿದರೆ, ಹಿಟ್ಟಿನಂಥ ಪುಡಿ ಕಾಗದದ ಮಡಿಕೆಗಳಲ್ಲಿ ಕೂತುಬಿಡುತ್ತದೆ. ಡ್ರಮ್ಮು ಇನ್ನೂ ಖಾಲಿಯಿದ್ದರೂ ಎಳೆತ ಸತ್ತಿರುತ್ತದೆ. ಮೋಟಾರಿನ ಸದ್ದು ಏರಿದರೆ ಜೋರಾಗಿ ಎಳೆಯುತ್ತಿದೆ ಎಂದುಕೊಳ್ಳಬೇಡಿ, ಗಾಳಿ ಸಿಗುತ್ತಿಲ್ಲ ಎಂದೇ ಅದರರ್ಥ. ಫಿಲ್ಟರನ್ನು ಗೋಡೆಗೆ ಬಡಿದರೆ ಮಡಿಕೆಯ ಅಂಟು ಬಿಡುತ್ತದೆ. ಮಾಸ್ಕ್ ಹಾಕಿ, ಹೊರಗೆ ಬಯಲಿನಲ್ಲಿ, ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದ ಗಾಳಿ ಊದಿ.

ಸೈಕ್ಲೋನಿನಲ್ಲಿ ಗಾಳಿ ಸುತ್ತುವಾಗ ಪುಡಿ ಗೋಡೆಗೆ ಒತ್ತಿ ಕೆಳಗಿನ ಬಕೆಟ್ಟಿಗೆ ಜಾರುತ್ತದೆ. ಬಹುಪಾಲು ಅಲ್ಲೇ ನಿಲ್ಲುವುದರಿಂದ ಫಿಲ್ಟರ್ ಉಳಿಯುತ್ತದೆ. ಆದರೆ ಆ ಬಕೆಟ್ಟೇ ತಲೆನೋವು. 20 ಲೀಟರಿನ ತೆಳು ಪೇಂಟ್ ಬಕೆಟ್ ಇಟ್ಟರೆ, ಹೋಸಿನ ಬಾಯಿ ಒಮ್ಮೆ ಹಲಗೆಗೆ ಅಂಟಿಕೊಂಡರೆ ಸಾಕು, ಬಕೆಟ್ ಒಳಕ್ಕೆ ಚಪ್ಪಟೆಯಾಗುತ್ತದೆ, ಮುಚ್ಚಳ ಬಾಗುತ್ತದೆ. ಬಾಗಿದ ಮುಚ್ಚಳದ ಸಂದಿಯಿಂದ ಗಾಳಿ ನುಗ್ಗಿ, ಕೆಳಗೆ ಬಿದ್ದ ಪುಡಿಯನ್ನೇ ಎಬ್ಬಿಸಿ ಫಿಲ್ಟರಿಗೆ ಒಯ್ಯುತ್ತದೆ. ಸೈಕ್ಲೋನ್ ಕೆಲಸ ಮಾಡುತ್ತಿಲ್ಲ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಈ ಸೋರಿಕೆಯೇ.

ಪರಿಹಾರ ಕಷ್ಟದ್ದಲ್ಲ. ದಪ್ಪ ಗೋಡೆಯ ಬಕೆಟ್ ತನ್ನಿ. ಒಳಗೆ ಬಿಗಿಯಾಗಿ ಕೂರುವಂತೆ 12 ಮಿ.ಮೀ. ಪ್ಲೈವುಡ್ಡಿನ ಬಳೆಯೊಂದನ್ನು ಕತ್ತರಿಸಿ ಸ್ಕ್ರೂ ಹಾಕಿ. ಮುಚ್ಚಳದ ಅಡಿಗೂ ಪ್ಲೈವುಡ್ ತಟ್ಟೆ ಕೊಟ್ಟು, ಸೈಕ್ಲೋನಿನ ಬೋಲ್ಟುಗಳು ಎರಡನ್ನೂ ಹಿಡಿಯಲಿ. ಅಂಚಿಗೆ ರಬ್ಬರ್ ಫೋಮ್ ಟೇಪು, ಬೋಲ್ಟಿನ ತೂತಿಗೆ ಸಿಲಿಕೋನ್ ಅಂಟು. ಆಮೇಲೆ ಹೋಸಿನ ಬಾಯಿಯನ್ನು ಅಂಗೈಯಿಂದ ಕ್ಷಣಕಾಲ ಮುಚ್ಚಿ: ಮುಚ್ಚಳದ ಸುತ್ತ ಸುಯ್ಯೆಂದರೆ ಅಲ್ಲಿ ಇನ್ನೂ ಸಂದಿಯಿದೆ. ಬಕೆಟ್ ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ. ಪುಡಿ ಸೈಕ್ಲೋನ್ ಶಂಕುವಿನ ಕೆಳಬಾಯಿ ಮುಟ್ಟಿದರೆ ಉಳಿದದ್ದೆಲ್ಲ ನೇರ ಫಿಲ್ಟರಿಗೆ.

ಮೂರನೆಯದು ದೊಡ್ಡ ಫ್ಯಾನಿನಿಂದ ಪುಡಿಯನ್ನು ಬಟ್ಟೆ ಚೀಲಕ್ಕೆ ತಳ್ಳುವ 2 ಎಚ್‌ಪಿ ಕಲೆಕ್ಟರ್. ಅದು ಗೆಲ್ಲುವುದು ಹಲಗೆಯನ್ನು ಒಂದೇ ದಪ್ಪಕ್ಕೆ ಹೆರೆಯುವ ಥಿಕ್ನೆಸ್ಸರಿಗೆ ಜೋಡಿಸಿದಾಗ. ತೇಗದ ಹೊಟ್ಟು ವ್ಯಾಕ್ಯೂಮಿನ 35 ಮಿ.ಮೀ. ಹೋಸಿನ ತಿರುವಿನಲ್ಲೇ ಕಟ್ಟಿಕೊಳ್ಳುತ್ತದೆ, ಕಲೆಕ್ಟರಿನ 100 ಮಿ.ಮೀ. ಪೈಪಿನಲ್ಲಿ ಸಲೀಸು. ಆದರೆ ಅದನ್ನು ರೆಡ್ಯೂಸರ್ ಹಾಕಿ ಸ್ಯಾಂಡರಿಗೆ ಕೊಟ್ಟರೆ ಎಳೆತವೇ ಇಲ್ಲ: ಅದು ತುಂಬ ಗಾಳಿ ಸಾಗಿಸುತ್ತದೆ, ಸಣ್ಣ ಕೊಳವೆಯಲ್ಲಿ ಎಳೆಯುವ ಒತ್ತಡ ಅದಕ್ಕಿಲ್ಲ. ಜೊತೆಗೆ 30 ಮೈಕ್ರಾನಿನ ಬಟ್ಟೆ ಚೀಲ ಸಣ್ಣ ಧೂಳನ್ನು ಶೆಡ್ಡಿಗೇ ವಾಪಸು ಉಗುಳುತ್ತದೆ, ಪುಪ್ಪುಸಕ್ಕೆ ಇಳಿಯುವುದೂ ಅದೇ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಮೂರರಲ್ಲಿ ಯಾವುದನ್ನು ಕೊಂಡರೂ ಎನ್95 ಮಾಸ್ಕ್ ಬಿಡುವಂತಿಲ್ಲ.

ಕರೆಂಟ್: 1400 ವ್ಯಾಟಿನ ವ್ಯಾಕ್ಯೂಮ್, 1800 ವ್ಯಾಟಿನ ಗರಗಸ ಸೇರಿದರೆ ಸುಮಾರು 14 ಆಂಪಿಯರ್. ಒಂದೇ 16 ಆಂಪಿಯರ್ ಲೈನಿನಲ್ಲಿ ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ಎಂಸಿಬಿ ಬೀಳಬಹುದು. ಬೇರೆ ಲೈನ್ ಎಳೆಸಿ.

ನನ್ನ ಕೆಲಸದಲ್ಲಿ ಸ್ಯಾಂಡಿಂಗ್ ಮತ್ತು ಮರದಲ್ಲಿ ಅಂಚು, ತೋಡು ಕೊರೆಯುವ ರೌಟರ್ ಹೆಚ್ಚು, ಥಿಕ್ನೆಸ್ಸರ್ ಅಪರೂಪ, ಹಾಗಾಗಿ ಸೈಕ್ಲೋನ್ ಜೋಡಿ. ದಿನವೂ ಹಲಗೆ ತೋಪಡಾ ಹೊಡೆಯುವವರು ಕಲೆಕ್ಟರ್ ಕೊಳ್ಳಲಿ, ಬಟ್ಟೆ ಚೀಲದ ಬದಲು 1 ಮೈಕ್ರಾನಿನ ಕಾರ್ಟ್ರಿಜ್ ಫಿಲ್ಟರಿನ ದುಡ್ಡನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿ.