‘ಹಾಕು’ ಒಂದೇ, ಇಂಗ್ಲಿಷಿನಲ್ಲಿ ಆರು: ಆಂಕಿ ಆ್ಯಪ್‌ನ ದೀರ್ಘ ಬಳಕೆಯ ನಂತರ

ಬಟ್ಟೆ ಹಾಕ್ಕೊ, ಬೀಗ ಹಾಕು, ಲೈಟ್ ಹಾಕು, ರಂಗೋಲಿ ಹಾಕು, ಓಟು ಹಾಕು, ಗಿಡಕ್ಕೆ ನೀರು ಹಾಕು. ನಮಗೆ ಎಲ್ಲವೂ ‘ಹಾಕು’. ಇಂಗ್ಲಿಷಿನಲ್ಲಿ ಪುಟ್ ಆನ್, ಲಾಕ್, ಟರ್ನ್ ಆನ್, ಡ್ರಾ, ಕಾಸ್ಟ್, ವಾಟರ್. ‘ಹಾಕು ಅಂದರೆ ಪುಟ್’ ಎಂದು ಉರು ಹೊಡೆದವರ ಬಾಯಲ್ಲಿ ‘ಪುಟ್ ದ ಲಾಕ್’ ಬರುವುದು ಇದಕ್ಕೇ. ಈ ಗಂಟು ಬಿಡಿಸಲು, ಪ್ರಶ್ನೆ-ಉತ್ತರದ ಕಾರ್ಡುಗಳನ್ನು ಮರೆಯುವ ಹೊತ್ತಿಗೆ ಮತ್ತೆ ತೋರಿಸುವ ಆಂಕಿ ಆ್ಯಪ್‌ನಷ್ಟು ಒದಗಿಬರುವ ಸಾಧನ ಇನ್ನೊಂದಿಲ್ಲ. ಆದರೆ ಕಾರ್ಡುಗಳನ್ನು ನೀವೇ ಮಾಡಿಕೊಳ್ಳಬೇಕು. ಒಂದು ಬದಿ ಪದ, ಇನ್ನೊಂದು ಬದಿ ಅರ್ಥ ಇರುವ ಸಿದ್ಧ ಡೆಕ್ಕುಗಳಿಂದ (ಕಾರ್ಡಿನ ಕಟ್ಟುಗಳಿಂದ) ಪದದ ಗುರುತು ಸಿಗುತ್ತದೆ, ಮಾತು ಬರುವುದಿಲ್ಲ.

ಕಾರ್ಡು ಮಾಡುವುದು ಕಂಪ್ಯೂಟರಿನಲ್ಲಿ ಸುಲಭ. ನೋಟ್ ಬಗೆ ‘ಕ್ಲೋಜ್’ (ಬಿಟ್ಟ ಜಾಗ ತುಂಬುವ ಬಗೆ) ಆರಿಸಿ, ‘ಪ್ಲೀಸ್ ಟರ್ನ್ ಆನ್ ದ ಲೈಟ್’ ಎಂಬ ಇಡೀ ವಾಕ್ಯವನ್ನು ಇಂಗ್ಲಿಷ್ ಲಿಪಿಯಲ್ಲೇ ಬರೆಯಿರಿ. ‘ಟರ್ನ್ ಆನ್’ ಭಾಗವನ್ನು ಆಯ್ದು, ಚೌಕ ಆವರಣದೊಳಗೆ ಮೂರು ಚುಕ್ಕೆ ಇರುವ ಗುಂಡಿ ಒತ್ತಿ. ಆ ಪದದ ಸುತ್ತ ಹೂ ಆವರಣ ಬರುತ್ತದೆ. ಅದು ಮುಗಿಯುವ ಮುಂಚೆ ಎರಡು ಕೋಲನ್ ಹಾಕಿ ‘ಹಾಕು’ ಎಂದು ಕನ್ನಡದಲ್ಲಿ ಸೇರಿಸಿ. ಓದುವಾಗ ಖಾಲಿ ಜಾಗದಲ್ಲಿ ‘ಹಾಕು’ ಕಾಣುತ್ತದೆ, ಸುತ್ತಲಿನ ವಾಕ್ಯ ಯಾವ ‘ಹಾಕು’ ಎಂದು ಹೇಳಿಕೊಡುತ್ತದೆ. ಆರನ್ನೂ ಒಂದೇ ದಿನ ಸೇರಿಸಿದರೆ ಒಂದಕ್ಕೊಂದು ಕಲಸಿಹೋಗುತ್ತವೆ. ವಾರಕ್ಕೆ ಎರಡು ಸಾಕು. ‘ತೆಗೆ’ಗೂ ಇದೇ ದಾರಿ: ಬಾಗಿಲು, ಫೋಟೋ, ಚಪ್ಪಲಿ.

ಬೆಳಿಗ್ಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವ ಹತ್ತು ನಿಮಿಷ ಇದಕ್ಕೆ ಹೇಳಿ ಮಾಡಿಸಿದ ಹೊತ್ತು. ಕಾರ್ಡಿಗೆ ಹತ್ತು ಸೆಕೆಂಡಿನಂತೆ ಅರವತ್ತು ಕಾರ್ಡು ಮುಗಿಯುತ್ತದೆ. ಉತ್ತರ ತಿರುಗಿಸುವ ಮುಂಚೆ ಇಡೀ ವಾಕ್ಯವನ್ನು ಗಟ್ಟಿಯಾಗಿ ಹೇಳಲೇಬೇಕು. ಮನಸ್ಸಿನಲ್ಲೇ ಓದಿಕೊಂಡ ಪದ ಅಂಗಡಿಯ ಕೌಂಟರ್ ಮುಂದೆ ನಿಂತಾಗ ಕೈಕೊಡುತ್ತದೆ.

ಇಷ್ಟೆಲ್ಲ ಒಳ್ಳೆಯದಿದ್ದೂ, ಉತ್ತರ ನೋಡಿದ ಮೇಲೆ ಒತ್ತುವ ‘ಅಗೇನ್’, ‘ಹಾರ್ಡ್’, ‘ಗುಡ್’, ‘ಈಸಿ’ ಗುಂಡಿಗಳಲ್ಲಿ ‘ಹಾರ್ಡ್’ ಮೇಲೆ ಸಿಟ್ಟಿದೆ. ಅದನ್ನು ನೋಡಿದ ಕೂಡಲೇ ನಮ್ಮವರು ‘ಈ ಪದ ಕಷ್ಟ’ ಎಂದು ಓದಿಕೊಂಡು, ಮರೆತ ಕಾರ್ಡಿಗೂ ಅದನ್ನೇ ಒತ್ತುತ್ತಾರೆ. ಆಂಕಿಯ ಲೆಕ್ಕದಲ್ಲಿ ಅದರರ್ಥ ‘ತಿಣುಕಿದೆ, ಆದರೆ ನೆನಪಾಯಿತು’. ಹಾಗಾಗಿ ಮರೆತ ಪದ ಮತ್ತೆ ಹತ್ತು ನಿಮಿಷಕ್ಕೆ ಬರುವ ಬದಲು ಎಷ್ಟೋ ದಿನ ಮುಂದಕ್ಕೆ ಹೋಗುತ್ತದೆ. 2023ರಲ್ಲಿ ಸೇರಿದ ಎಫ್‌ಎಸ್‌ಆರ್‌ಎಸ್ (ಕಾರ್ಡು ಮತ್ತೆ ಯಾವಾಗ ಬರಬೇಕೆಂದು ಲೆಕ್ಕ ಹಾಕುವ ವಿಧಾನ) ಹಾಕಿಕೊಂಡವರಿಗೆ ಪೆಟ್ಟು ಇನ್ನೂ ಜೋರು. ಅದು ನೀವು ಒತ್ತಿದ್ದನ್ನೇ ನಂಬಿ ಎಲ್ಲ ಕಾರ್ಡುಗಳ ಅಂತರವನ್ನೂ ಹಿಗ್ಗಿಸಿಬಿಡುತ್ತದೆ. ಮೊದಲ ಮೂರು ತಿಂಗಳು ‘ಅಗೇನ್’ (ಮರೆತಾಗ), ‘ಗುಡ್’ (ನೆನಪಾದಾಗ) ಎರಡೇ ಬಳಸಿ. ಇಷ್ಟು ಮುಖ್ಯವಾದ ಮಾತನ್ನು ಗುಂಡಿಯ ಪಕ್ಕದಲ್ಲೇ ಬರೆದಿರಬೇಕಿತ್ತು.

ದಿನಕ್ಕೆ 20 ಹೊಸ ಕಾರ್ಡು ಎಂಬ ಮೊದಲ ಸೆಟ್ಟಿಂಗೂ ಕೆಲಸ, ಮನೆ ಎರಡೂ ಇರುವವರಿಗೆ ಹೆಚ್ಚು. ಕೆಲವೇ ವಾರದಲ್ಲಿ ದಿನಕ್ಕೆ ನೂರೈವತ್ತರ ಮೇಲೆ ರಿವ್ಯೂ (ಹಳೆಯ ಕಾರ್ಡುಗಳ ಮರು ಓದು) ಬಂದು ಬೀಳುತ್ತದೆ. 5ಕ್ಕೆ ಇಳಿಸಿ. ಹಬ್ಬ, ಮದುವೆ ಎಂದು ವಾರ ತಪ್ಪಿದರೆ ಹೊಸದನ್ನು 0 ಮಾಡಿ, ಬಾಕಿ ಕರಗಿದ ಮೇಲೆ ಮತ್ತೆ ಏರಿಸಿ.

ಕಲಿತ ಕಾರ್ಡು 8 ಸಲ ಮರೆತರೆ ಅದಕ್ಕೆ ‘ಲೀಚ್’ ಎಂಬ ಹಣೆಪಟ್ಟಿ ಬೀಳುತ್ತದೆ, ಮಲೆನಾಡಿನ ಇಂಬಳದ ಹಾಗೆ ಅಂಟಿಕೊಂಡು ಹೊತ್ತನ್ನೆಲ್ಲ ಹೀರುವ ಕಾರ್ಡು. ಕನ್ನಡಿಗರಿಗೆ ‘ಬಾರೋ’, ‘ಲೆಂಡ್’ ಜೋಡಿ ಸಾಮಾನ್ಯವಾಗಿ ಹೀಗಾಗುತ್ತದೆ. ನಾವು ‘ಸಾಲ’ ಎಂದು ಹೇಳಿ ‘ತಗೊ’, ‘ಕೊಡು’ ಸೇರಿಸುತ್ತೇವೆ. ಇಂಗ್ಲಿಷಿನಲ್ಲಿ ದಿಕ್ಕು ಕ್ರಿಯಾಪದದೊಳಗೇ ಅಡಗಿದೆ. ಅಂಥ ಕಾರ್ಡನ್ನು ಮತ್ತೆ ಮತ್ತೆ ಉಜ್ಜದೆ ವಾಕ್ಯವನ್ನೇ ಬದಲಿಸಿ: ‘ಕ್ಯಾನ್ ಐ ಬಾರೋ ಯುವರ್ ಪೆನ್’, ‘ಕ್ಯಾನ್ ಯು ಲೆಂಡ್ ಮಿ ಯುವರ್ ಪೆನ್’. ಪೆನ್ನು ಕೇಳುವಾಗ ‘ಐ’ ಇದ್ದರೆ ಬಾರೋ, ‘ಯು’ ಇದ್ದರೆ ಲೆಂಡ್.

ಕಂಪ್ಯೂಟರಿಗೂ ಆಂಡ್ರಾಯ್ಡಿಗೂ (ಅಲ್ಲಿ ಹೆಸರು ಆಂಕಿಡ್ರಾಯ್ಡ್) ಉಚಿತ. ಐಫೋನಿನ ಆ್ಯಪ್‌ಗೆ ಮಾತ್ರ ಒಮ್ಮೆ ದುಡ್ಡು ಕೊಡಬೇಕು, ಅದೂ ಸಣ್ಣ ಮೊತ್ತವಲ್ಲ. ಕೊಡಲಾಗದವರು ಬ್ರೌಸರಿನಲ್ಲಿ ಆಂಕಿವೆಬ್ ತೆರೆದು ಅದೇ ಕಾರ್ಡುಗಳನ್ನು ಓದಬಹುದು. ಹೆಸರು ಹೋಲುವ ಬೇರೆ ಆ್ಯಪ್‌ಗಳೂ ಇವೆ, ಇಳಿಸಿಕೊಳ್ಳುವ ಮುಂಚೆ ನೋಡಿಕೊಳ್ಳಿ.